ನೀರಿನ ಕೆಳಗೆ ಎಂತ ಇತ್ತು?

ಅಮ್ಮ ಆರ್‌ವಿ, ಅಂದರೆ ಚಕ್ರದ ಮೇಲಿನ ಮನೆ, ಹತ್ತಿದವಳೇ ಮೊದಲು ನೋಡಿದ್ದು ಒಲೆಯನ್ನು. ಮೂರು ಬರ್ನರ್ ಇದೆ, ಗ್ಯಾಸ್ ಟ್ಯಾಂಕ್ ಹೊರಗಡೆ ಇದೆ ಅಂತ ಗೊತ್ತಾದ ಮೇಲೆ ಅವಳಿಗೆ ಸಮಾಧಾನ ಆಯಿತು. ಅಪ್ಪಯ್ಯ ಕೇಳಿದ್ದು ನೀರಿನ ವಿಚಾರ. "ಎಷ್ಟು ನೀರು ಹಿಡಿತದೆ ಇದು? ಬಳಸಿದ ನೀರು ಎಲ್ಲಿಗೆ ಹೋಗ್ತದೆ?" ಬಾಡಿಗೆಗೆ ಕೊಡುವ ಹುಡುಗ ಹೇಳುತ್ತಾ ಹೋದ, ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಒಳ್ಳೆ ನೀರಿನ ಟ್ಯಾಂಕು 40 ಗ್ಯಾಲನ್, ಅಂದರೆ ಸುಮಾರು 150 ಲೀಟರ್. ಬಚ್ಚಲ ನೀರಿಗೆ ಒಂದು ಟ್ಯಾಂಕು. ಕಕ್ಕಸಿಗೆ ಇನ್ನೊಂದು. ಅಪ್ಪಯ್ಯ ಮೂರನ್ನೂ ಬೆರಳು ಮಡಚಿ ಎಣಿಸಿದರು. "ಆರು ಜನಕ್ಕೆ 150 ಲೀಟರ್" ಅಂತ ಒಂದು ಸಲ ಹೇಳಿ ಸುಮ್ಮನಾದರು.

ನಾವಿರುವುದು ಅಮೆರಿಕದ ಐಡಾಹೋ ರಾಜ್ಯದ ಬಾಯ್ಸಿಯಲ್ಲಿ. ಅಪ್ಪ ಅಮ್ಮ 2025ರ ಬೇಸಿಗೆಗೆ ಬಂದಿದ್ದರು. ಅವರಿಗೆ ಹೋಟೆಲ್ ಊಟ ಆಗುವುದಿಲ್ಲ. ಟೆಂಟ್‌ನಲ್ಲಿ ನೆಲದ ಮೇಲೆ ಮಲಗಿ ಏಳುವ ವಯಸ್ಸೂ ಅಲ್ಲ. ಹಾಗಾಗಿ ನಾನು, ನಮ್ಮನೆಯವರು ಯೋಚನೆ ಮಾಡಿ 28 ಅಡಿಯ ಆರ್‌ವಿ ಬಾಡಿಗೆಗೆ ತಗೊಂಡೆವು. ಹಿಂದೆ ಒಂದು ಮಂಚ, ಡ್ರೈವರ್ ತಲೆಯ ಮೇಲೆ ಅಟ್ಟದ ಹಾಗೆ ಇನ್ನೊಂದು, ಊಟದ ಟೇಬಲ್ ಇಳಿಸಿದರೆ ಮತ್ತೊಂದು. ಮಕ್ಕಳಿಬ್ಬರೂ ಅಟ್ಟಕ್ಕೆ ಜಗಳ ಆಡಿ, ಕೊನೆಗೆ ಇಬ್ಬರೂ ಅಲ್ಲೇ ಮಲಗುವುದು ಅಂತ ತೀರ್ಮಾನ ಆಯಿತು.

ಹೋಗಬೇಕಾಗಿದ್ದು ವಯೋಮಿಂಗ್‌ನ ಗ್ರ್ಯಾಂಡ್ ಟೀಟನ್ ನ್ಯಾಷನಲ್ ಪಾರ್ಕಿಗೆ, ಜ್ಯಾಕ್ಸನ್ ಲೇಕ್ ಪಕ್ಕದ ಕಾಲ್ಟರ್ ಬೇ ಎಂಬ ಜಾಗಕ್ಕೆ. ನಾಲ್ಕು ರಾತ್ರಿ. ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಿದ್ದೆ. ನಮ್ಮೂರಿಂದ ಸುಮಾರು 700 ಕಿಲೋಮೀಟರ್. ಟೀಟನ್ ಪಾಸ್ ಎಂಬ ಘಟ್ಟ ಹತ್ತಿ ಹೋದರೆ ದಾರಿ ಸ್ವಲ್ಪ ಹತ್ತಿರ, ಆದರೆ ಅಲ್ಲಿ ಇಳಿಜಾರು ಜಾಸ್ತಿ, ಇಷ್ಟು ದೊಡ್ಡ ಗಾಡಿಗೆ ಬೇಡ ಅಂತ ಸುತ್ತು ಹಾಕಿ ಆಲ್ಪೈನ್ ಮೇಲೆ ಹೋದೆವು. ಹಾಗೆ ಹೋದದ್ದರಿಂದ ಒಂದು ಸಂಗತಿ ಆಯಿತು. ದಾರಿಯುದ್ದಕ್ಕೂ ಒಂದೇ ನದಿ ನಮಗೆ ಸಿಗುತ್ತಾ ಹೋಯಿತು. ಸ್ನೇಕ್ ನದಿ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಕೆಲವು ಕಡೆ ಕಣ್ಣಿಗೆ ಬೀಳದೆ. ಅದು ಜ್ಯಾಕ್ಸನ್ ಲೇಕ್ ಹಾಯ್ದು ಕೆಳಗೆ ಬರುತ್ತದೆ, ನಾವು ಅದರ ಎದುರು ದಿಕ್ಕಿಗೆ ಮೇಲೆ ಹೋಗುತ್ತಿದ್ದೆವು.

ಐಡಾಹೋದ ದಕ್ಷಿಣ ಭಾಗ ಹೆಚ್ಚೂಕಡಿಮೆ ಮರುಭೂಮಿ. ಬೂದು ಬಣ್ಣದ ಪೊದೆ, ಕರಿ ಲಾವಾ ಕಲ್ಲು. ಅದರ ನಡುವೆ ಇದ್ದಕ್ಕಿದ್ದ ಹಾಗೆ ಕಣ್ಣಿಗೆ ಕುಕ್ಕುವ ಹಸಿರು ಆಲೂಗಡ್ಡೆ ಹೊಲ. ಗಾಲಿಗಳ ಮೇಲೆ ನಿಂತ ಉದ್ದನೆಯ ಕೊಳವೆ ಹೊಲದ ನಡುವಿನಿಂದ ನಿಧಾನಕ್ಕೆ ಸುತ್ತುತ್ತಾ ನೀರು ಚಿಮ್ಮಿಸುತ್ತದೆ. ಅಪ್ಪಯ್ಯ ಕೃಷಿಕರು. ಒಂದು ತಾಸು ಅದನ್ನೇ ನೋಡಿದರು. ಆಮೇಲೆ ಕೇಳಿದರು, "ಮಳೆ ಇಲ್ಲದ ಊರಲ್ಲಿ ಇಷ್ಟು ನೀರು ಎಲ್ಲಿಂದ?" ನದಿಯಿಂದ, ಮೇಲೆ ಅಣೆಕಟ್ಟುಗಳಿವೆ ಅಂದರು ನಮ್ಮನೆಯವರು. ಅಪ್ಪಯ್ಯ ಹೂಂ ಅಂದರು, ಅಷ್ಟೇ.

ಮಧ್ಯಾಹ್ನದ ಊಟಕ್ಕೆ ನಿಂತಿದ್ದು ಅಮೆರಿಕನ್ ಫಾಲ್ಸ್ ಎಂಬ ಸಣ್ಣ ಊರಲ್ಲಿ. ಬೇರೇನೂ ಕಾರಣ ಇರಲಿಲ್ಲ, ಚಿತ್ರಾನ್ನದ ಡಬ್ಬಿ ಬಿಚ್ಚಲು ಒಂದು ನೆರಳು ಬೇಕಿತ್ತು. ಎದುರಿಗೆ ದೊಡ್ಡ ಜಲಾಶಯ. ಆ ಕಡೆ ಒಂದು ಕಾಂಕ್ರೀಟ್ ಗೋಪುರ ನೀರಿನಿಂದ ಎದ್ದ ಹಾಗೆ ಒಂಟಿಯಾಗಿ ನಿಂತಿತ್ತು. ಕಿಟಕಿ ಇಲ್ಲ, ಸುತ್ತ ಏನೂ ಇಲ್ಲ. ಮಗ ಅದು ಕೋಟೆ ಅಂದ. ನಾನು ಫೋನ್‌ನಲ್ಲಿ ಹುಡುಕಿದೆ. ಅದು ಕಾಳು ತುಂಬಿಡುವ ಕಣಜ. ಇಲ್ಲಿ 1927ರಲ್ಲಿ ಅಣೆಕಟ್ಟು ಮುಗಿಯಿತು. ಅದಕ್ಕೂ ಮೊದಲು ಊರು ಇದ್ದದ್ದು ಆ ನೀರಿನ ಜಾಗದಲ್ಲಿ. 1925ರಿಂದ ಇಡೀ ಊರನ್ನೇ ಎತ್ತಿ ಮೇಲಕ್ಕೆ ತಂದರು. ಮನೆಗಳನ್ನು ಬುಡಸಮೇತ ಎತ್ತಿ ಸಾಗಿಸಿದರು. ಕಣಜ ಎತ್ತಲು ಆಗದೆ ಅಲ್ಲೇ ಉಳಿಯಿತು. ನೀರು ಇಳಿದಾಗ ಹಳೆ ಊರಿನ ಅಡಿಪಾಯಗಳೂ ಕಾಣುತ್ತವಂತೆ. ಇದನ್ನೆಲ್ಲಾ ನಾನು ಗಟ್ಟಿಯಾಗಿ ಓದಿ ಹೇಳಿದೆ, ಮಕ್ಕಳಿಗೆ ಒಂದು ಹೊಸ ವಿಷಯ ಅಂತ. ಅಪ್ಪಯ್ಯ ಊಟ ಅರ್ಧಕ್ಕೆ ನಿಲ್ಲಿಸಿ ಆ ಗೋಪುರವನ್ನು ನೋಡುತ್ತಾ ಕುಳಿತಿದ್ದರು. ನನಗೆ ಆಗಲೂ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಕಾಲ್ಟರ್ ಬೇ ತಲುಪಿದಾಗ ಸಂಜೆ ಏಳು ದಾಟಿತ್ತು, ಆದರೂ ಬೆಳಕಿತ್ತು. ದಾರಿಯಲ್ಲಿ ಸ್ನೇಕ್ ನದಿಯ ಕಣಿವೆ ಬಂದಾಗ ಮಗಳು 399ರ ವಿಷಯ ತೆಗೆದಳು. ಅದೊಂದು ಹೆಣ್ಣು ಗ್ರಿಜ್ಲಿ ಕರಡಿಯ ನಂಬರ್. ಈ ಪಾರ್ಕಿನಲ್ಲಿ ರಸ್ತೆ ಪಕ್ಕದಲ್ಲೇ ಮರಿಗಳನ್ನು ಸಾಕಿ ಜಗತ್ತಿಗೆಲ್ಲ ಗೊತ್ತಾದವಳು. 2024ರ ಅಕ್ಟೋಬರ್‌ನಲ್ಲಿ ಇದೇ ಕಣಿವೆಯ ರಸ್ತೆಯಲ್ಲಿ ಕಾರು ಬಡಿದು ಸತ್ತಳು, 28 ವರ್ಷದವಳು. ಮಗಳಿಗೆ ಅದರ ಮರಿ ಏನಾಯಿತು ಎಂಬ ಚಿಂತೆ. ಆಮೇಲೆ ಯಾರೂ ಜಾಸ್ತಿ ಮಾತಾಡಲಿಲ್ಲ.

ಆರ್‌ವಿ ನಿಲ್ಲಿಸುವ ಜಾಗ ಕೆರೆಯ ಅಂಚಿನಲ್ಲೇ ಇಲ್ಲ. ನೆಟ್ಟಗೆ ಬೆಳೆದ ಪೈನ್ ಮರಗಳ ನಡುವೆ ಇದೆ, ಸ್ವಲ್ಪ ನಡೆದರೆ ನೀರು. ಪ್ರತಿ ಜಾಗಕ್ಕೂ ಒಂದು ಕರೆಂಟ್ ಕಂಬ, ಒಂದು ನಲ್ಲಿ, ನೆಲದಲ್ಲಿ ಒಂದು ಕೊಳಚೆ ಕೊಳವೆ. ಮೊದಲು ಚಕ್ರದ ಕೆಳಗೆ ಹಲಗೆ ಇಟ್ಟು ಗಾಡಿ ಸಮ ಮಾಡಬೇಕು. ಆಮೇಲೆ ಕುಡಿಯುವ ನೀರಿನ ಬಿಳಿ ಪೈಪು, ಕೊಳಚೆಯ ದಪ್ಪ ಪೈಪು, ಕರೆಂಟ್ ವಯರು. ಕಕ್ಕಸಿನ ಟ್ಯಾಂಕಿನ ಬಾಯಿ ಯಾವಾಗಲೂ ಮುಚ್ಚಿರಬೇಕು, ಮುಕ್ಕಾಲು ತುಂಬಿದ ಮೇಲಷ್ಟೇ ಬಿಡಬೇಕು, ಇಲ್ಲದಿದ್ದರೆ ನೀರೆಲ್ಲ ಹರಿದು ಹೋಗಿ ಗಟ್ಟಿ ಉಳಿಯುತ್ತದೆ. ಮೊದಲು ಅದನ್ನು ಬಿಟ್ಟು ನಂತರ ಬಚ್ಚಲ ನೀರು ಬಿಟ್ಟರೆ ಪೈಪು ತೊಳೆದ ಹಾಗಾಗುತ್ತದೆ. ಈ ಕೆಲಸ ಅಪ್ಪಯ್ಯ ತಾವೇ ವಹಿಸಿಕೊಂಡರು. ಕೈಗವಸು ಹಾಕಿಕೊಂಡು ಅಳಿಯನ ಜೊತೆ ಬಗ್ಗಿ ನಿಂತು, ತೋಟಕ್ಕೆ ನೀರು ತಿರುಗಿಸುವಾಗಿನ ಗಂಭೀರ ಮುಖದಲ್ಲಿ. ಮನೆಯಲ್ಲಿ ಇಬ್ಬರೂ "ಹೇಗಿದೀರಿ, ಊಟ ಆಯ್ತಾ" ಬಿಟ್ಟರೆ ಮಾತಾಡಿದ್ದೇ ಕಡಿಮೆ. ಇಲ್ಲಿ ನಾಲ್ಕು ದಿನ ಇಬ್ಬರಿಗೂ ಪೈಪು, ವಾಲ್ವು, ಟ್ಯಾಂಕಿನದೇ ಮಾತು. ನನಗೆ ಅದನ್ನು ನೋಡಿ ಬಹಳ ಖುಷಿಯಾಯಿತು.

ಕರಡಿಗಳಿರುವ ಕಾಡಾದ್ದರಿಂದ ಹೊರಗೆ ಒಂದು ಚೂರು ತಿಂಡಿ ಬಿಡುವ ಹಾಗಿಲ್ಲ. ಕರಡಿಯಿಂದ 100 ಗಜ, ಬೇರೆ ಪ್ರಾಣಿಗಳಿಂದ 25 ಗಜ ದೂರ ಇರಬೇಕು. ಅಡಿಗೆಯೆಲ್ಲ ಒಳಗೇ. ಅಮ್ಮ ಒಗ್ಗರಣೆ ಹಾಕಿದರೆ ಆರೂ ಜನ ಒಟ್ಟಿಗೆ ಕೆಮ್ಮುತ್ತಿದ್ದೆವು.

ಮರುದಿನ ಬೆಳಿಗ್ಗೆ ಎಲ್ಲರೂ ನೀರಿನ ಹತ್ತಿರ ಹೋದೆವು. ಆ ನೋಟಕ್ಕಾಗಿಯೇ ನಾನು ಇಷ್ಟೆಲ್ಲ ಮಾಡಿದ್ದು. ಕೆರೆಯ ಆಚೆ ದಡದಿಂದ ನೇರ ಎದ್ದ ಮೌಂಟ್ ಮೊರಾನ್, 12,605 ಅಡಿ. ಎದುರಿಗೆ ಅಡ್ಡ ಬರುವ ಸಣ್ಣ ಗುಡ್ಡ ಒಂದೂ ಇಲ್ಲ, ನೀರು ಮುಗಿದಲ್ಲೇ ಬೆಟ್ಟ ಶುರು. ಅದರ ಎದೆಯ ಮೇಲೆ ಉದ್ದ ಹಿಡಿಯ ಬಾಣಲೆ ಆಕಾರದ ಹಿಮದ ರಾಶಿ. ಹೆಸರೂ ಹಾಗೇ, ಸ್ಕಿಲೆಟ್ ಗ್ಲೇಸಿಯರ್. ಅಮ್ಮ ನೋಡಿ "ಹೌದು ಮಾರಾಯ್ತಿ, ಕಾವಲಿ ಹಂಗೇ ಇದೆ" ಅಂತ ಮಕ್ಕಳಿಗೆ ಹಿಡಿ ಯಾವುದು, ತಟ್ಟೆ ಯಾವುದು ಅಂತ ತೋರಿಸಿದಳು. ಮಕ್ಕಳು ನೀರಿಗೆ ಕಾಲಿಟ್ಟು ಕಿರುಚಿ ಹೊರಗೆ ಬಂದರು. ಆಗಸ್ಟ್ ಆದರೂ ನೀರು ಕೊರೆಯುತ್ತಿತ್ತು.

ಅಪ್ಪಯ್ಯ ಬೆಟ್ಟ ನೋಡಲಿಲ್ಲ. ದಡ ನೋಡುತ್ತಿದ್ದರು. ನೀರು ಇಳಿದು, ಮರಗಳ ಸಾಲಿಗೂ ನೀರಿಗೂ ನಡುವೆ ಬೋಳು ಕಲ್ಲಿನ ಅಗಲ ಪಟ್ಟಿ ಬಿದ್ದಿತ್ತು. ಹುಲ್ಲಿಲ್ಲ, ಗಿಡ ಇಲ್ಲ. "ಇದು ಕೆರೆ ಅಲ್ಲ" ಅಂದರು. "ಹಿನ್ನೀರು." ನಾನು ಇಲ್ಲ ಅಪ್ಪಯ್ಯ, ಇದು ಹಿಮನದಿ ಕೊರೆದು ಆದ ಸ್ವಾಭಾವಿಕ ಕೆರೆ ಅಂದೆ. ಅವರು ತಲೆ ಅಲ್ಲಾಡಿಸಿದರು. "ಹಿನ್ನೀರಿನ ದಡ ನನಗೆ ಗೊತ್ತಿಲ್ವಾ? ನೀರು ಏರಿ ಇಳಿಯೋ ಜಾಗದಲ್ಲಿ ಮಾತ್ರ ನೆಲ ಹಿಂಗೆ ಸಾಯ್ತದೆ. ಇದರ ಕೆಳಗೆ ಎಂತ ಇತ್ತು, ಕೇಳು ಯಾರನ್ನಾದ್ರೂ."

ಆಗ ಹೊಳೆಯಿತು.

ಅಪ್ಪಯ್ಯ ಮುಳುಗಡೆಯ ಮನೆಯವರು. ಸಾಗರ ತಾಲೂಕಿನಲ್ಲಿ ಹುಟ್ಟಿ ಬೆಳೆದವರಿಗೆ ಮುಳುಗಡೆ ಅಂದರೆ ಬೇರೆ ವಿವರಣೆ ಬೇಡ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅವರಿಗೆ ಹತ್ತು ವರ್ಷ. ಊರು, ಗದ್ದೆ, ಅಡಿಕೆ ತೋಟ ಎಲ್ಲಾ ನೀರಿಗೆ ಹೋಯಿತು. ನನಗೆ ಇದು ಗೊತ್ತಿತ್ತು, ಆದರೆ ಒಂದು ಸಾಲಿನಷ್ಟು ಮಾತ್ರ. ಅವರು ಯಾವತ್ತೂ ಕೂತು ಹೇಳಿದವರಲ್ಲ. ನಾವು ಸಿಗಂದೂರಿಗೆ ಹೋಗುವಾಗ ಆ ಹಿನ್ನೀರು ದಾಟಿಸುವ ಲಾಂಚ್‌ನಲ್ಲಿ ಎಲ್ಲರೂ ಕಟಕಟೆ ಹಿಡಿದು ನೀರು ನೋಡುತ್ತಿದ್ದರೆ ಅಪ್ಪಯ್ಯ ಗಾಡಿಯ ಒಳಗೇ ಕೂತಿರುತ್ತಿದ್ದರು. ಸೆಖೆ ಇದ್ದರೂ ಇಳಿಯುತ್ತಿರಲಿಲ್ಲ. ನಾನು ಚಿಕ್ಕವಳಾಗಿದ್ದಾಗ ಅವರಿಗೆ ನೀರೆಂದರೆ ಭಯ ಅಂದುಕೊಂಡಿದ್ದೆ.

ಆ ಮಧ್ಯಾಹ್ನ ವಿಸಿಟರ್ ಸೆಂಟರ್‌ಗೆ ಹೋಗಿ ಕೇಳಿದೆ, ಸಿಕ್ಕಿದ್ದನ್ನೆಲ್ಲ ಓದಿದೆ. ಅಪ್ಪಯ್ಯ ಹೇಳಿದ್ದು ಸರಿ. ಕೆರೆ ಮೊದಲೂ ಇತ್ತು, ಆದರೆ ಇಷ್ಟು ಎತ್ತರಕ್ಕಲ್ಲ. 1907ರಲ್ಲಿ ಮರದ ದಿಮ್ಮಿ ಜೋಡಿಸಿ ಒಂದು ಅಣೆಕಟ್ಟು ಕಟ್ಟಿದರು. ಅದು 1910ರಲ್ಲಿ ಒಡೆಯಿತು. ಮರುವರ್ಷ ಕಾಂಕ್ರೀಟ್ ಹಾಕಿದರು, 1916ರ ಹೊತ್ತಿಗೆ ಇನ್ನೂ ಎತ್ತರಿಸಿದರು. ಮೇಲಿನ 39 ಅಡಿ ನೀರು ಅಣೆಕಟ್ಟಿನದು. ಆ ನೀರು ವಯೋಮಿಂಗ್‌ಗೆ ಅಲ್ಲ, ಕೆಳಗಿನ ಐಡಾಹೋ ರೈತರಿಗೆ. ನಾವು ಬರುವಾಗ ನೋಡಿದ ಹಸಿರಿಗೆ ನೀರು ಹೋಗುವುದು ಇಂಥ ಜಲಾಶಯಗಳಿಂದಲೇ. ಆಗಸ್ಟ್‌ನಲ್ಲಿ ದಡ ಬೋಳಾಗಿ ಕಾಣುವುದೂ ಅದಕ್ಕೇ, ಬೇಸಿಗೆಯಲ್ಲಿ ಹೊಲಕ್ಕೆ ನೀರು ಬಿಡುತ್ತಾರೆ. ಬರಗಾಲದ 2021ರಲ್ಲಂತೂ ನೀರು ಎಷ್ಟು ಇಳಿಯಿತೆಂದರೆ ಕಾಲ್ಟರ್ ಬೇಯ ದೋಣಿ ಕಟ್ಟುವ ಜಾಗವನ್ನು ಅವಧಿಗೆ ಮೊದಲೇ ಮುಚ್ಚಿದ್ದರು.

ನೀರು ಏರಿಸಿದಾಗ ದಡದ ಕಾಡನ್ನು ಕಡಿದಿರಲಿಲ್ಲ. ಮರಗಳು ನೀರಲ್ಲಿ ನಿಂತೇ ಸತ್ತವು. ವರ್ಷಗಟ್ಟಲೆ ಆ ಒಣ ಮರಗಳ ಸಾಲು ಕೆರೆಯ ಸುತ್ತ ಹಾಗೇ ಇತ್ತು. 1929ರಲ್ಲಿ ಪಾರ್ಕ್ ಘೋಷಣೆ ಆದಾಗ ಈ ಕೆರೆಯೇ ಅದರೊಳಗೆ ಇರಲಿಲ್ಲ. ಮರಗಳನ್ನು ತೆಗೆಸಿದ್ದು 1930ರ ದಶಕದಲ್ಲಿ, ಕೆಲಸವಿಲ್ಲದ ಹುಡುಗರಿಗೆ ಸರ್ಕಾರ ಕೆಲಸ ಕೊಡುತ್ತಿದ್ದಾಗ. ಕೆರೆ ಪಾರ್ಕಿಗೆ ಸೇರಿದ್ದು 1950ರಲ್ಲಿ. ಇವತ್ತು ನಾವು ಫೋಟೋ ತೆಗೆಯುವ ಚೆಂದದ ದಡ ಹೀಗೆ ಆಗಿದ್ದು.

ಮತ್ತೆ, ಕೆಳಗೆ ಎಂತ ಇತ್ತು? ಜನ ಇದ್ದರು. 1980ರ ದಶಕದಲ್ಲಿ ಭೂಕಂಪಕ್ಕೆ ತಡೆಯುವ ಹಾಗೆ ಅಣೆಕಟ್ಟು ಬಲಪಡಿಸಲು ನೀರು ಇಳಿಸಿದಾಗ, ದಡದ ಕೆಸರಿನಲ್ಲಿ ಸಾವಿರಾರು ವರ್ಷದಿಂದ ಜನ ಬೇಸಿಗೆಗೆ ಬಂದು ಬಿಡಾರ ಹೂಡುತ್ತಿದ್ದ ಗುರುತುಗಳು ಸಿಕ್ಕವು. ಕಲ್ಲಿನ ಹತಾರ, ಒಲೆಯ ಜಾಗ. ಶೋಶೋನಿ ಎಂಬ ಇಲ್ಲಿನ ಮೂಲನಿವಾಸಿ ಜನ, ಅವರಿಗೂ ಹಿಂದಿನವರು. ನಾವು ನಾಲ್ಕು ರಾತ್ರಿಗೆ ದುಡ್ಡು ಕೊಟ್ಟು ಬಂದು ಮಾಡುವ ಕೆಲಸವನ್ನೇ ಅವರು ಪ್ರತಿ ವರ್ಷ ಮಾಡುತ್ತಿದ್ದರು.

ಅಪ್ಪಯ್ಯನಿಗೆ ಎಲ್ಲಾ ಹೇಳಿದೆ. ಮರಗಳ ವಿಷಯ ಬಂದಾಗ ಮಾತ್ರ ಬಾಯಿ ಬಿಟ್ಟರು. "ನಮ್ಮಲ್ಲೂ ನಿಂತೇ ಸತ್ತವು."

ಅವರು ಪೂರ್ತಿ ಹೇಳಿದ್ದು ಮೂರನೇ ರಾತ್ರಿ. ಅವತ್ತು ಚಳಿ ಜಾಸ್ತಿ. ಈ ಜಾಗ 6,700 ಅಡಿಗಿಂತ ಮೇಲಿದೆ, ಆಗಸ್ಟ್ ರಾತ್ರಿಯಲ್ಲೂ ನಡುಗಬೇಕು. ನಾನು ಹೀಟರ್ ಹಾಕಿದ್ದೆ, ಬಿಸಿನೀರಿನ ಬಾಯ್ಲರ್ ಓಡುತ್ತಿತ್ತು, ಮೈಕ್ರೋವೇವ್‌ನಲ್ಲಿ ಹಾಲು ಇಟ್ಟೆ. ಟಕ್ ಅಂತ ಎಲ್ಲಾ ನಿಂತಿತು. ನಮ್ಮ ವಯರು 30 ಆಂಪಿಯರ್‌ದು, 120 ವೋಲ್ಟ್, ಅಂದರೆ ಒಟ್ಟು 3,600 ವಾಟ್. ಮೂರೂ ಒಟ್ಟಿಗೆ ಹಾಕಿದರೆ ತಡೆಯುವುದಿಲ್ಲ. ಆದರೆ ದೀಪ ಆರಲಿಲ್ಲ. ಅಪ್ಪಯ್ಯನಿಗೆ ಆಶ್ಚರ್ಯ. ಆರ್‌ವಿಯ ದೀಪಗಳು ಬೇರೆ, 12 ವೋಲ್ಟ್ ಬ್ಯಾಟರಿಯಿಂದ ಓಡುತ್ತವೆ ಅಂತ ನಮ್ಮನೆಯವರು ವಿವರಿಸಿ, ಟಾರ್ಚ್ ಮತ್ತು ಕರಡಿ ಸ್ಪ್ರೇ ಹಿಡಿದು ಕಂಬದ ಸ್ವಿಚ್ ಎತ್ತಲು ಹೊರಗೆ ಹೋದರು.

"ನಮ್ಮ ಮನೆಗೆ ಕರೆಂಟ್ ಬಂದಾಗ ನೀನು ಎಷ್ಟನೇ ಕ್ಲಾಸು?" ಅಂತ ಅಪ್ಪಯ್ಯ ಕೇಳಿದರು. ಮೂರನೇ ಕ್ಲಾಸು ಅಂದೆ. ನನಗೆ ಚೆನ್ನಾಗಿ ನೆನಪಿದೆ, ಅವತ್ತು ಅಮ್ಮ ಪಾಯಸ ಮಾಡಿದ್ದಳು. "ಕರೆಂಟ್‌ಗೆ ಅಂತ ಊರು ಬಿಡಿಸಿದ್ದು 64ರಲ್ಲಿ" ಅಂದರು. ಮಗಳು ಅಟ್ಟದಿಂದ ತಲೆ ಕೆಳಗೆ ಹಾಕಿ "ಯಾಕೆ ಅಜ್ಜಯ್ಯ, ಊರು ಯಾಕೆ ಬಿಡಿಸಿದ್ದು?" ಅಂತ ಕೇಳಿದಳು. ಕೇಳಬೇಕಾದ ಪ್ರಶ್ನೆಯನ್ನು ನಲವತ್ತು ವರ್ಷದಲ್ಲಿ ನಾನು ಕೇಳಿರಲಿಲ್ಲ, ಅವಳು ಕೇಳಿದಳು.

ಅವರು ಹೇಳುತ್ತಾ ಹೋದರು. ಲಾರಿ ಬಂದದ್ದು. ಅಜ್ಜ ಮನೆಯ ಹೆಂಚು ಒಂದೊಂದೇ ಇಳಿಸಿ ಹುಲ್ಲು ಸುತ್ತಿ ಕಟ್ಟಿದ್ದು, ಹೊಸ ಮನೆಗೆ ಬೇಕಾಗುತ್ತದೆ ಅಂತ. ಎರಡು ದನ ಲಾರಿ ಹತ್ತದೆ ಉಳಿದದ್ದು. ತೋಟದಲ್ಲಿ ಹಸಿ ಅಡಿಕೆ ಗೊನೆ ಇನ್ನೂ ಇತ್ತು. ಅಜ್ಜಿ ತುಳಸಿಕಟ್ಟೆಯ ಮಣ್ಣನ್ನು ಸೆರಗಲ್ಲಿ ಕಟ್ಟಿಕೊಂಡು ಕೂತಿದ್ದಳು. ಶಿವಮೊಗ್ಗದ ಕಡೆ ಒಂದು ಕಾಡಿನ ಅಂಚಲ್ಲಿ ಇಳಿಸಿ, ಇದೇ ನಿಮ್ಮ ಜಾಗ ಅಂದರು. ಮೊದಲ ಮಳೆಗಾಲ ಸೋಗೆ ಗುಡಿಸಲಲ್ಲಿ. ಆ ವರ್ಷ ಅಪ್ಪಯ್ಯನ ತಮ್ಮ ಜ್ವರ ಬಂದು ತೀರಿಕೊಂಡ. ನನಗೊಬ್ಬ ಚಿಕ್ಕಪ್ಪ ಇದ್ದ ಅನ್ನುವುದೇ ಗೊತ್ತಿರಲಿಲ್ಲ. ನಮ್ಮ ಮನೆಯ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರ ಆಗಿಲ್ಲ. ಅಂಥ ಮನೆಗಳು ನಮ್ಮ ಕಡೆ ಎಷ್ಟೋ ಇವೆ.

"ನೀರು ಬಂತು ಅಂತ ಕೇಳಿದ ಮೇಲೆ ಅಜ್ಜ ಒಂದ್ಸಲ ನೋಡಲಿಕ್ಕೆ ಹೋಗಿದ್ದ" ಅಂದರು. "ತೋಟದ ಅಡಿಕೆ ಮರದ ತಲೆ ಮಾತ್ರ ಕಾಣ್ತಿತ್ತಂತೆ. ವಾಪಸ್ ಬಂದು ಎರಡು ದಿನ ಮಾತಾಡಲಿಲ್ಲ."

ಅಷ್ಟರಲ್ಲಿ ಕರೆಂಟ್ ಬಂತು, ಹೀಟರ್ ಗುಂಯ್ ಅಂತ ಶುರುವಾಯಿತು. ಯಾರೂ ಎದ್ದು ಹೋಗಲಿಲ್ಲ. ಹೋಗಲು ಆ ಗಾಡಿಯಲ್ಲಿ ಇನ್ನೊಂದು ಕೋಣೆಯೂ ಇರಲಿಲ್ಲ. ನಮ್ಮ ಬಾಯ್ಸಿಯ ಮನೆಯಲ್ಲಿ ಇದಾಗಿದ್ದರೆ ಮಕ್ಕಳು ಅವರ ರೂಮಿಗೆ, ನಾನು ಲ್ಯಾಪ್‌ಟಾಪ್‌ಗೆ, ಅಪ್ಪಯ್ಯ ಮಾತು ಅರ್ಧಕ್ಕೆ ಬಿಟ್ಟು ಟಿವಿಗೆ. ಇಲ್ಲಿ ಆರು ಜನ ಮೊಣಕಾಲಿಗೆ ಮೊಣಕಾಲು ತಾಗಿ ಕೂತಿದ್ದೆವು. ಮಗ ಅಜ್ಜಯ್ಯನ ತೊಡೆ ಮೇಲೆ ನಿದ್ದೆ ಹೋಗಿದ್ದ. ಅಮ್ಮ ಹಾಲು ಮತ್ತೆ ಬಿಸಿ ಮಾಡಿದಳು, ಈ ಸಲ ಗ್ಯಾಸ್ ಒಲೆ ಮೇಲೆ.

ಕೊನೆಯ ದಿನ ಅಣೆಕಟ್ಟು ನೋಡಬೇಕು ಅಂತ ಅಪ್ಪಯ್ಯನೇ ಕೇಳಿದರು. ಹತ್ತಿರದಲ್ಲೇ ಇದೆ, ರಸ್ತೆ ಅದರ ಮೇಲೆಯೇ ಹೋಗುತ್ತದೆ. ಲಿಂಗನಮಕ್ಕಿ ನೋಡಿದವರಿಗೆ ಇದು ಸಣ್ಣದು. ಗೇಟಿನಿಂದ ನೀರು ರಭಸದಿಂದ ಹೊರಗೆ ಬರುತ್ತಿತ್ತು, ಕೆಳಗೆ ಯಾರೋ ಗಾಳ ಹಾಕಿ ನಿಂತಿದ್ದರು. ಅಪ್ಪಯ್ಯ ಕಂಬಿ ಹಿಡಿದು ಬಹಳ ಹೊತ್ತು ಕೆಳಗೆ ನೋಡಿದರು. ಊರಲ್ಲಿ ಮಳೆಗಾಲದಲ್ಲಿ ಪೇಪರ್ ಬಂದ ಕೂಡಲೇ ಅವರು ನೋಡುವುದು ಲಿಂಗನಮಕ್ಕಿ ನೀರಿನ ಮಟ್ಟ. 1819 ಅಡಿ ಪೂರ್ಣ ಮಟ್ಟ, ಇವತ್ತು ಇಷ್ಟು. ನಾನು ಅದು ರೈತರ ಅಭ್ಯಾಸ ಅಂದುಕೊಂಡಿದ್ದೆ. ಅವತ್ತು ಕೇಳಿದೆ, ಯಾಕೆ ನೋಡ್ತೀರಿ ಅಂತ. "ಎಷ್ಟು ಅಡಿಗೆ ನಮ್ಮ ಅಂಗಳ, ಎಷ್ಟು ಅಡಿಗೆ ದೇವಸ್ಥಾನ ಅಂತ ಒಂದು ಲೆಕ್ಕ ಇದೆ" ಅಂದರು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ, ಲಿಂಗನಮಕ್ಕಿಗೂ ಮೊದಲು ಕಟ್ಟಿ ಆಮೇಲೆ ಅದರಲ್ಲೇ ಮುಳುಗಿದ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಪ್ಪಯ್ಯ ಒಂದು ಸಲವೂ ಹೋಗಿಲ್ಲ.

ವಾಪಸ್ ಬರುವಾಗ ಅಮೆರಿಕನ್ ಫಾಲ್ಸ್‌ನಲ್ಲಿ ಗಾಡಿ ನಿಲ್ಲಿಸಲು ಹೇಳಿದರು. ಊಟದ ಹೊತ್ತಲ್ಲ. ಇಳಿದು, ಆ ಗೋಪುರ ಸರಿಯಾಗಿ ಕಾಣುವ ಜಾಗಕ್ಕೆ ನಡೆದು ಹೋದರು. ಮಗಳಿಗೆ ಫೋನ್ ಕೊಟ್ಟು ಫೋಟೋ ತೆಗೆಸಿದರು. ತಾವೂ ಅದರ ಎದುರು ನಿಂತು ಒಂದು ತೆಗೆಸಿದರು. ನಾಲ್ಕು ದಿನದಲ್ಲಿ ಬೆಟ್ಟದ ಮುಂದೆ ನಿಲ್ಲಿ ಅಂದರೂ ನಿಲ್ಲದವರು. "ಅಕ್ಕನಿಗೆ ಕಳಿಸು" ಅಂದರು. ಸೋದರತ್ತೆಗೆ ಈಗ 78. ಮುಳುಗಡೆ ಆದಾಗ ಹದಿನೇಳು, ಎಲ್ಲಾ ನೆನಪಿರುವವಳು. ಅಪ್ಪಯ್ಯ ಫೋನ್ ಬಾಯಿ ಹತ್ತಿರ ಹಿಡಿದು ವಾಯ್ಸ್ ಮೆಸೇಜ್ ಹಾಕಿದರು, "ಅಕ್ಕಾ, ಇಲ್ಲೂ ಮುಳುಗಡೆ ಆಗಿದೆ ನೋಡು. ಇದೊಂದು ಕಣಜ ಉಳಿದಿದೆ."

ಊರಲ್ಲಿ ಆಗ ನಡುರಾತ್ರಿ. ಆದರೂ ನಾವು ಪೆಟ್ರೋಲ್ ಹಾಕಿಸಿಕೊಂಡು ಹೊರಡುವಷ್ಟರಲ್ಲಿ ಉತ್ತರ ಬಂತು. ಅತ್ತೆಗೆ ನಿದ್ದೆ ಬಂದಿರಲಿಲ್ಲವೋ ಏನೋ. ಅಪ್ಪಯ್ಯ ಸ್ಪೀಕರ್ ಹಾಕಿದರು. "ಅವರಿಗೆಲ್ಲ ಜಾಗ ಕೊಟ್ಟರಂತಾ? ಹಕ್ಕುಪತ್ರ ಆಯ್ತಂತಾ? ಕೇಳಿ ಹೇಳೋ."

ಅಪ್ಪಯ್ಯ ನನ್ನ ಕಡೆ ನೋಡಿದರು. ನಾನು ಮತ್ತೆ ಫೋನ್ ತೆಗೆದೆ. ಊರಿನ ಮನೆಗಳನ್ನು ಹೊಸ ಜಾಗಕ್ಕೆ ಸಾಗಿಸಿದ್ದು ಓದಿ ಹೇಳಿದೆ. ಆಮೇಲೆ ಇನ್ನೊಂದು ಸಿಕ್ಕಿತು. ಇದೇ ನೀರು ಪಕ್ಕದ ಫೋರ್ಟ್ ಹಾಲ್‌ನಲ್ಲಿ ಶೋಶೋನಿ, ಬ್ಯಾನಾಕ್ ಜನರಿಗೆ ಬಿಟ್ಟಿದ್ದ ನದಿ ಬಯಲಿನ ನೆಲವನ್ನೂ ಮುಳುಗಿಸಿತ್ತು. ಜ್ಯಾಕ್ಸನ್ ಲೇಕ್ ದಡದಲ್ಲಿ ಬೇಸಿಗೆ ಬಿಡಾರ ಹೂಡುತ್ತಿದ್ದ ಅದೇ ಶೋಶೋನಿ ಜನ. ಅವರಿಗೆ ಅಂತ ಬಿಟ್ಟ ನೆಲಕ್ಕೂ ಇಲ್ಲಿ ನೀರು ಬಂದಿತ್ತು. ಅದನ್ನೂ ಓದಿ ಹೇಳಿದೆ.

ಅಪ್ಪಯ್ಯ ಸ್ವಲ್ಪ ಹೊತ್ತು ಕಿಟಕಿ ಹೊರಗೆ ನೋಡಿದರು. ಆಮೇಲೆ ಫೋನ್ ಎತ್ತಿಕೊಂಡರು.

"ಊರಿನವರಿಗೆ ಕೊಟ್ಟಿದಾರಂತೆ ಅಕ್ಕಾ. ಕಾಡಿನ ಜನರದ್ದು ಗೊತ್ತಿಲ್ಲ. ಮಗಳು ಓದ್ತಾ ಇದಾಳೆ, ಹೇಳ್ತೇನೆ."